ಲಂಡನ್ನಿಗೆ ಹೊರಟಿದೀರಾ? ಪಾಸ್ ತಗೊಳೋಕೆ ಮುಂಚೆ ಸ್ವಲ್ಪ ತಡೀರಿ

ನಮ್ಮ ಕಡೆಯವರು ಯಾರೇ ಲಂಡನ್ನಿಗೆ ಟಿಕೆಟ್ ಬುಕ್ ಮಾಡಿದ್ರೂ ನಂಗೊಂದು ವಾಟ್ಸಾಪ್ ಬಂದೇ ಬರುತ್ತೆ, "ನೀನು ಎರಡು ವರ್ಷ ಅಲ್ಲೇ ಇದ್ಯಲ್ಲ, ನಾಲ್ಕು ದಿನ ಓಡಾಡೋಕೆ, ಊರು ನೋಡೋಕೆ ಯಾವ ಪಾಸ್ ತಗೊಳೋದು ಒಳ್ಳೇದು?" ಅಂತ.

ಯಾವ ಪಾಸೂ ಬೇಡ ಮಾರಾಯ್ರೇ. ನಿಮ್ಮ ಹತ್ರ ಹೊರದೇಶದಲ್ಲಿ ನಡೆಯೋ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಇದ್ರೆ ಮುಗೀತು, ಟ್ಯೂಬ್ (ನೆಲದಡಿ ಓಡೋ ಅಲ್ಲಿನ ಮೆಟ್ರೋ) ಸ್ಟೇಷನ್ ಗೇಟಲ್ಲಿ ಒಳಗೆ ಹೋಗ್ತಾ ಒಂದ್ಸಲ ಹೊರಗೆ ಬರ್ತಾ ಒಂದ್ಸಲ ಅದನ್ನೇ ತಾಗಿಸಿ, ದಿನಕ್ಕೆ ಇಷ್ಟೇ ಅಂತ ಒಂದು ಮಿತಿ ಇದೆ, ಅದು ದಾಟಿದ ಮೇಲೆ ಎಷ್ಟು ತಿರುಗಿದ್ರೂ ಜಾಸ್ತಿ ಕಟ್ ಆಗಲ್ಲ. ಆದ್ರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು, ಒಂದೇ ಕಾರ್ಡಲ್ಲಿ ಗಂಡ ಹೆಂಡತಿ ಇಬ್ರೂ ಹೋಗಕ್ಕಾಗಲ್ಲ. ಇನ್ನೊಂದು, ನಾನೇ ಮಾಡ್ಕೊಂಡ ಎಡವಟ್ಟು: ಬೆಳಿಗ್ಗೆ ಫೋನ್ ತಾಗಿಸಿ ಒಳಗೆ ಹೋದೆ, ಇಳಿಯೋವಾಗ ಫೋನ್ ಸತ್ತಿತ್ತು, ಅದೇ ಬ್ಯಾಂಕಿನ ಅದೇ ಕಾರ್ಡ್ ತಾನೇ ಅಂತ ಪರ್ಸಿಂದ ತೆಗೆದು ತಾಗಿಸಿದೆ. ಮಷೀನಿಗೆ ಅವೆರಡೂ ಬೇರೆ ಬೇರೆ, ಅರ್ಧ ಪ್ರಯಾಣ ಎರಡು ಅಂತ ಲೆಕ್ಕ ಹಾಕಿ ಎರಡಕ್ಕೂ ಗರಿಷ್ಠ ದರ ಎಳ್ಕೊಂಡ್ತು. ಆ ರಾತ್ರಿ ಊಟ ಬರೀ ಬ್ರೆಡ್ಡು.

ಹೀಥ್ರೂ ಏರ್‌ಪೋರ್ಟಿಂದ ಟ್ಯೂಬಿನ ಪಿಕಡಿಲಿ ಲೈನೇ ಅಗ್ಗ, ಊರೊಳಗೆ ಹೋಗೋಕೆ ಸುಮಾರು ಒಂದು ಗಂಟೆ. ಲಗೇಜ್ ಜಾಸ್ತಿ ಇದ್ರೆ 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ಹಿಡೀರಿ, ಬೇಗ ಆಗುತ್ತೆ, ಸ್ವಲ್ಪ ದುಡ್ಡು ಜಾಸ್ತಿ. ಎಸ್ಕಲೇಟರಲ್ಲಿ ಬಲಗಡೆ ನಿಲ್ಲಿ, ಎಡಗಡೆ ಓಡೋರಿಗೆ ಬಿಡಿ, ಇಲ್ಲಾಂದ್ರೆ ಹಿಂದಿಂದ ಒಂದು ನಿಟ್ಟುಸಿರು ಬರುತ್ತೆ, ಬೈಗುಳಕ್ಕಿಂತ ಜೋರಾಗಿ ತಟ್ಟುತ್ತೆ.

ಆದ್ರೆ ಊರು ನೋಡ್ಬೇಕು ಅಂದ್ರೆ ನೆಲದ ಕೆಳಗೆ ಯಾಕ್ರೀ ಹೋಗ್ತೀರಾ? ಲೆಸ್ಟರ್ ಸ್ಕ್ವೇರಿಂದ ಕೋವೆಂಟ್ ಗಾರ್ಡನ್ನಿಗೆ ಟ್ಯೂಬಲ್ಲಿ ಹೋಗೋರು ಇದ್ದಾರೆ, ನಡುವೆ ಇರೋದು ಮುನ್ನೂರು ಮೀಟರೂ ಇಲ್ಲ! ಬಸ್ ಹತ್ತಿ. ನಾನಿದ್ದಾಗ 1.75 ಪೌಂಡ್, ಮೊದಲ್ನೇ ಬಸ್ಸಲ್ಲಿ ಕಾರ್ಡ್ ತಾಗಿಸಿದ ಒಂದು ಗಂಟೆಯೊಳಗೆ ಇನ್ನೆಷ್ಟು ಬಸ್ ಹತ್ತಿದ್ರೂ ಅಷ್ಟೇ. ಕ್ಯಾಶ್ ತಗೊಳಲ್ಲ, ಹತ್ತೋವಾಗ ಮಾತ್ರ ತಾಗಿಸೋದು, ಇಳಿಯೋವಾಗ ಬೇಡ. ಟ್ರಫಾಲ್ಗರ್ ಸ್ಕ್ವೇರಲ್ಲಿ 15ನೇ ನಂಬರ್ ಹತ್ತಿ ಮೇಲಿನ ಮುಂದಿನ ಸೀಟು ಹಿಡೀರಿ, ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್ ಚರ್ಚು, ಟವರ್ ಆಫ್ ಲಂಡನ್ ಕೋಟೆ ಎಲ್ಲಾ ಸಾಲಾಗಿ ಬರುತ್ತೆ, ಮರದ ಕೊಂಬೆ ಗಾಜಿಗೆ ಬಡಿದಾಗ ತಲೆ ತಾನಾಗೇ ಬಗ್ಗುತ್ತೆ.

ಇನ್ನು ನೋಡೋ ಜಾಗ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಎಲ್ಲಾ ಫ್ರೀ, ಪಾಸ್ ಯಾಕೆ ಬೇಡ ಅಂದೆ ಅಂತ ಈಗ ಗೊತ್ತಾಯ್ತಲ್ಲ. ಒಂದೇ ಒಂದು ಮ್ಯೂಸಿಯಂಗೆ ಟೈಮಿದೆ ಅಂದ್ರೆ ನಾನು ಹೇಳೋದು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್. ಅಲ್ಲಿ ಟಿಪ್ಪುವಿನ ಹುಲಿ ಇದೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊತ್ತೊಯ್ದಿದ್ದು. ಕೆಳಗೆ ಬಿದ್ದಿರೋ ಬಿಳಿ ಸೋಲ್ಜರ್‌ನ ಕುತ್ತಿಗೆಗೆ ಬಾಯಿ ಹಾಕಿರೋ ಮರದ ಹುಲಿ, ಪಕ್ಕದಲ್ಲೊಂದು ಹ್ಯಾಂಡಲ್, ಅದನ್ನ ತಿರುಗಿಸಿದ್ರೆ ಹುಲಿ ಗುರ್ ಅನ್ನುತ್ತೆ, ಅವನ ಕೈ ಮೇಲೆದ್ದು ಬೀಳುತ್ತೆ, ಈಗ ಗಾಜಿನೊಳಗಿದೆ ಬಿಡಿ, ನಮಗೆ ತಿರುಗಿಸೋಕೆ ಕೊಡಲ್ಲ. ಅಮ್ಮನ್ನ ಕರ್ಕೊಂಡು ಹೋಗಿದ್ದೆ, ತುಂಬಾ ಹೊತ್ತು ನೋಡಿ "ನಮ್ಮ ಚನ್ನಪಟ್ಟಣದ ಬೊಂಬೆ ಬಣ್ಣ ಇದ್ದಂಗಿದೆ ಕಣೋ" ಅಂದ್ರು.

ಟವರ್ ಆಫ್ ಲಂಡನ್ನಿಗೆ ಟಿಕೆಟ್ ಇದೆ, ಕೊಹಿನೂರ್ ನೋಡಲೇಬೇಕು ಅನ್ನೋರು ಹೋಗಿ. ನಂಗೇನೋ ಅಷ್ಟೊಂದು ಅನ್ನಿಸ್ಲಿಲ್ಲ.

ಹೋಟೆಲ್ ನೀರಿಗೆ ದುಡ್ಡು ಕೊಡ್ಬೇಡಿ, ನಲ್ಲಿ ನೀರೇ ಕೇಳಿ, ಚೆನ್ನಾಗಿರುತ್ತೆ. ಚಾರ್ಜರಿಗೆ ಮೂರು ಚೌಕ ಪಿನ್ನಿನ ಅಡಾಪ್ಟರ್ ಇಲ್ಲೇ ತಗೊಂಡು ಹೋಗಿ. ಸಸ್ಯಾಹಾರಿಗಳು ಯೂಸ್ಟನ್ ಹತ್ರ ಡ್ರಮಂಡ್ ಸ್ಟ್ರೀಟಿಗೆ ಹೋದ್ರೆ ಹೊಟ್ಟೆ ತುಂಬುತ್ತೆ, ಜೊತೆಗೆ ಚಟ್ನಿಪುಡಿ ಇದ್ರೆ ಇನ್ನೂ ಧೈರ್ಯ. ಭಾನುವಾರ ದೊಡ್ಡ ಅಂಗಡಿಗಳು ಆರೇ ಗಂಟೆ ತೆಗೆದಿರೋದು, ಶಾಪಿಂಗ್ ಅವತ್ತಿಗೆ ಇಟ್ಕೋಬೇಡಿ.

ಅವತ್ತು ಬೇಕಾದ್ರೆ ಸಂಜೆ ಲ್ಯಾಂಬೆತ್ ಸೇತುವೆ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಕಡೆ ಬನ್ನಿ. 2015ರ ನವೆಂಬರಲ್ಲಿ ಅನಾವರಣ ಆದ ಬಸವಣ್ಣನ ಮೂರ್ತಿ ಇದೆ, ಥೇಮ್ಸ್ ಆಚೆ ದಡದಲ್ಲಿ ಬ್ರಿಟಿಷರ ಪಾರ್ಲಿಮೆಂಟು. ನಾನು ಹೋದಾಗ ಬೆಂಚಿನ ಮೇಲೆ ಬಾಗಲಕೋಟೆ ಕಡೆಯ ದಂಪತಿ ಡಬ್ಬಿ ಬಿಚ್ಕೊಂಡು ಕೂತಿದ್ರು, ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ "ಬರ್ರಿ, ಕೂಡ್ರಿ" ಅಂತ ಅರ್ಧ ರೊಟ್ಟಿ ಕೈಗಿಟ್ರು.