ದೊಡ್ಡಪ್ಪನ ಕೈ, ಇಸಿಯುವಿನ ಸಾಲುಗಳು

20 ಜನವರಿ 2026, ಮಂಗಳವಾರ ರಾತ್ರಿ

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯಲು ಹೋದಾಗ ದೊಡ್ಡಪ್ಪ ಆಗಲೇ ಅಲ್ಲಿ ನಿಂತಿದ್ದರು. ಮಫ್ಲರ್ ಸುತ್ತಿಕೊಂಡು ಕೋಲಿನ ಮೇಲೆ ಭಾರ ಬಿಟ್ಟಿದ್ದರು. ಅವರು ಕೇಳಿದ್ದು ಒಂದೇ ಮಾತು: "ಆಗಲೇ ಸ್ಟಾರ್ಟ್ ಮಾಡಿಬಿಟ್ಟೆಯಾ?" ಇಲ್ಲ ಎಂದಾಗ ಅವರ ಮುಖ ಅರಳಿತು.

ಈ ಹಳೆಯ ಎಂಜಿಬಿ ಕಾರಿನಲ್ಲಿ ಪೆಟ್ರೋಲನ್ನು ಗಾಳಿಗೆ ಬೆರೆಸುತ್ತಿದ್ದ ಕಾರ್ಬ್ಯುರೇಟರುಗಳನ್ನು ತೆಗೆದು, ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ ಹೇಳಿದಂತೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ಹಾಕಿದ್ದೇನೆ. ಚಳಿಯಲ್ಲಿ ಎಷ್ಟು ಸಿಂಪಡಿಸಬೇಕೆಂದು ಈಗ ಅದಕ್ಕೆ ಕಲಿಸುತ್ತಿದ್ದೇನೆ. ಈ ಕೆಲಸದ ಕಷ್ಟ ದೊಡ್ಡಪ್ಪನಿಗೆ ಗೊತ್ತಾಗಿದೆ. ತಣ್ಣಗಿರುವ ಎಂಜಿನ್ ಒಮ್ಮೆ ಹೊತ್ತಿಕೊಂಡರೆ ಆ ದಿನದ ಅವಕಾಶ ಮುಗಿಯಿತು. 1798 ಸಿಸಿ ಎಂಜಿನ್, ಬ್ಲಾಕು ಹೆಡ್ಡು ಎರಡೂ ಎರಕದ ಕಬ್ಬಿಣ. ಅದು ಒಳಗಿನವರೆಗೂ ಆರಬೇಕಾದರೆ ಇಡೀ ರಾತ್ರಿ ಬೇಕು. ಬಿಸಿ ಎಂಜಿನ್ನಿನ ಇಂಧನದ ಟೇಬಲನ್ನು, ಅಂದರೆ ಯಾವಾಗ ಎಷ್ಟು ಪೆಟ್ರೋಲ್ ಎನ್ನುವ ಪಟ್ಟಿಯನ್ನು, ಒಂದು ಮಧ್ಯಾಹ್ನ ರಸ್ತೆಯಲ್ಲಿ ಓಡಾಡಿಸಿ ಹದಕ್ಕೆ ತರಬಹುದು. ಎಕ್ಸಾಸ್ಟ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಹೇಳಿದ್ದನ್ನು ಕೇಳಿಕೊಂಡು ಇಸಿಯು ತಾನೇ ತಿದ್ದಿಕೊಳ್ಳುತ್ತದೆ. "ತಾನೇ ಕಲಿಯುವ" ವ್ಯವಸ್ಥೆ ಎಂದು ಇವನ್ನು ಮಾರುವುದು ಈ ಬಲದ ಮೇಲೆ. ಆದರೆ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಕಾಯುವವರೆಗೆ ಆ ಕಲಿಕೆ ಶುರುವೇ ಆಗುವುದಿಲ್ಲ. ಬೆಳಗಿನ ಮೊದಲ ಕೆಲವು ನಿಮಿಷಗಳನ್ನು ಮನುಷ್ಯನೇ ಕೂತು ಕಲಿಸಬೇಕು, ಅದೂ ದಿನಕ್ಕೊಂದು ಪಾಠದಂತೆ.

ಕೀಲಿಯನ್ನು ಅರ್ಧ ತಿರುಗಿಸಿ ಲ್ಯಾಪ್‌ಟಾಪ್ ನೋಡಿದೆ. ಕೂಲೆಂಟ್ 11 ಡಿಗ್ರಿ, ಇನ್‌ಟೇಕ್ ಗಾಳಿ 12. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಈ ಎರಡು ಅಂಕಿಗಳು ಹತ್ತಿರ ಹತ್ತಿರವೇ ಇರಬೇಕು. ಇಲ್ಲದಿದ್ದರೆ ಯಾವುದೋ ಒಂದು ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದರ್ಥ, ಆಗ ಉಳಿದ ತಿದ್ದುಪಡಿಗಳೆಲ್ಲ ವ್ಯರ್ಥ. ಚಳಿ ಎಂದರೆ ಇಸಿಯುವಿಗೆ ಒಂದು ವಿದ್ಯುತ್ ರೋಧ, ಅಷ್ಟೇ. ಬಾಷ್ ಸೆನ್ಸರಿನಲ್ಲಿ 20 ಡಿಗ್ರಿಗೆ ಸುಮಾರು 2500 ಓಮ್, 80 ಡಿಗ್ರಿಗೆ ಮುನ್ನೂರರ ಆಸುಪಾಸು. ಚಳಿ ಹೆಚ್ಚಿದಷ್ಟೂ ರೋಧ ಹೆಚ್ಚು.

"ನಾನು ಕೂರಲೇ?" ಎಂದರು ದೊಡ್ಡಪ್ಪ.

ಎಂಜಿಬಿಯ ಸೀಟು ನೆಲಕ್ಕೆ ಅಂಟಿಕೊಂಡಂತಿದೆ. ಅವರ ಮಂಡಿಗೆ ಅದು ಶಿಕ್ಷೆ ಎಂದು ಗೊತ್ತಿದ್ದರೂ ಬೇಡ ಎನ್ನಲು ಬಾಯಿ ಬರಲಿಲ್ಲ. ಕೋಲನ್ನು ನನಗೆ ಕೊಟ್ಟು ನಿಧಾನವಾಗಿ ಇಳಿದು ಕೂತರು. ಕೂತ ಕೂಡಲೇ ಎಡಗೈ ತಾನಾಗಿ ಡ್ಯಾಶ್‌ಬೋರ್ಡಿನ ಚೋಕ್ ಗುಬ್ಬಿಯ (ಚಳಿಯಲ್ಲಿ ಸ್ಟಾರ್ಟ್ ಮಾಡಲು ಎಳೆಯುತ್ತಿದ್ದ ಗುಂಡಿ) ಕಡೆಗೆ ಹೋಯಿತು. ಎರಡು ಬೆರಳ ನಡುವೆ ಗುಬ್ಬಿಯನ್ನು ಹಿಡಿದು, ಎಳೆಯದೆ, ಒಂದು ಕ್ಷಣ ಹಾಗೆಯೇ ಇಟ್ಟುಕೊಂಡರು. ಅದರ ಹಿಂದೆ ಈಗ ಕೇಬಲ್ ಇಲ್ಲ ಎನ್ನುವುದು ಅವರಿಗೆ ಗೊತ್ತು.

"ಪೂರ್ತಿ ಎಳೆಯಬೇಕು. ಹೊತ್ತಿಕೊಂಡ ತಕ್ಷಣ ಅರ್ಧ ಒಳಗೆ. ಆಮೇಲೆ ಸದ್ದು ಕೇಳಿಕೊಂಡು ಸ್ವಲ್ಪ ಸ್ವಲ್ಪವೇ ತಳ್ಳಬೇಕು" ಎಂದರು. ನನಗಲ್ಲ, ಗಾಡಿಗೆ ಹೇಳುವ ಹಾಗೆ.

ಆ ಎಸ್‌ಯು ಕಂಪನಿಯ ಹಳೆಯ ಕಾರ್ಬ್ಯುರೇಟರಿನಲ್ಲಿ ಗಾಳಿಯನ್ನು ತಡೆಯುವ ತಗಡು ಇರಲೇ ಇಲ್ಲ. ಗುಬ್ಬಿ ಎಳೆದಾಗ ಮೊದಲು ಗಾಳಿಯ ಬಾಗಿಲಾದ ಥ್ರಾಟಲ್ ಕೂದಲೆಳೆಯಷ್ಟು ತೆರೆಯುತ್ತಿತ್ತು. ಇನ್ನೂ ಎಳೆದರೆ ಪೆಟ್ರೋಲ್ ಬರುವ ಜೆಟ್ ಕೆಳಗಿಳಿದು, ಮೊನಚಾದ ಸೂಜಿಯ ಸುತ್ತಲಿನ ಸಂದು ಅಗಲವಾಗಿ ಪೆಟ್ರೋಲ್ ಹೆಚ್ಚು ಬರುತ್ತಿತ್ತು. ಗಾಳಿ, ಇಂಧನ ಎರಡರ ಲೆಕ್ಕವೂ ಒಂದೇ ಗುಬ್ಬಿಯಲ್ಲಿ. ಈಗ ನಾನು ಅದನ್ನು ನಾಲ್ಕಾಗಿ ಒಡೆದಿದ್ದೇನೆ. ಸ್ಟಾರ್ಟರ್ ತಿರುಗುವಾಗ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು, ಹೊತ್ತಿಕೊಂಡ ಮೇಲಿನ ಕೆಲವು ಸೆಕೆಂಡುಗಳಿಗೆ ಎಷ್ಟು ಹೆಚ್ಚುವರಿ, ಆಮೇಲೆ ಕಾಯುವವರೆಗೆ ಡಿಗ್ರಿ ಡಿಗ್ರಿಗೆ ಎಷ್ಟು, ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ನಿಗೆ ಗಾಳಿ ಕೊಡುವ ಐಡಲ್ ವಾಲ್ವ್ ಎಷ್ಟು ಗಾಳಿ ಬಿಡಬೇಕು. ಇದನ್ನೆಲ್ಲ ಪರದೆಯ ಮೇಲೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು.

"ಈ ಪೆಟ್ಟಿಗೆಗೆ ಕಿವಿ ಇದೆಯೇ?"

ಇಲ್ಲ, ದೊಡ್ಡಪ್ಪ. ಕ್ರ್ಯಾಂಕ್ ಎಷ್ಟು ವೇಗವಾಗಿ ತಿರುಗುತ್ತಿದೆ, ಗಾಳಿ ಒಳಬರುವ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ಒತ್ತಡ ಎಷ್ಟಿದೆ, ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಉಳಿದಿದೆ ಎನ್ನುವುದೆಲ್ಲ ಗೊತ್ತಾಗುತ್ತದೆ. ಎಂಜಿನ್ ಏದುಸಿರು ಬಿಡುತ್ತಿದೆಯೋ, ಕುಡಿದದ್ದು ಹೆಚ್ಚಾಗಿ ಕೆಮ್ಮುತ್ತಿದೆಯೋ ಎನ್ನುವುದು ಗೊತ್ತಾಗುವುದಿಲ್ಲ.

"ಹಾಗಾದರೆ ನೀನು ಕೇಳು" ಎಂದು ಕೀಲಿ ತಿರುಗಿಸಿದರು.

ವೋಲ್ಟೇಜ್ 9.8ಕ್ಕೆ ಇಳಿಯಿತು. ಇಷ್ಟು ಇಳಿದಾಗ ಇಂಜೆಕ್ಟರ್ ತೆರೆಯುವುದೇ ತಡವಾಗುತ್ತದೆ, ಆ ತಡದ ಲೆಕ್ಕ ತಪ್ಪಿದರೆ ಪೆಟ್ರೋಲ್ ಸಾಲದೆ ಬರುತ್ತದೆ. ಇವತ್ತು ಹಾಗಾಗಲಿಲ್ಲ, ಬೇಗನೆ ಹೊತ್ತಿಕೊಂಡಿತು. ನಿಮಿಷಕ್ಕೆ 1400 ಸುತ್ತಿಗೆ ಏರಿ ನಿಂತು ನಿಧಾನಕ್ಕೆ ಇಳಿಯತೊಡಗಿತು. ನಂತರ ಸದ್ದು ಒಡೆಯಿತು. ಒಂದು ಸಿಲಿಂಡರ್ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು, ಗೇರ್ ಕೋಲಿನ ತುದಿ ನಡುಗುತ್ತಿತ್ತು. ಅಷ್ಟರಲ್ಲಿ ಆಮ್ಲಜನಕ ಸೆನ್ಸರ್ ಕಾದು ಅಂಕಿ ತೋರಿಸತೊಡಗಿತು. ಒಂದು ಭಾಗ ಪೆಟ್ರೋಲಿಗೆ 17 ಭಾಗ ಗಾಳಿ. ತಣ್ಣಗಿನ ಎಂಜಿನ್ನಿಗೆ ಬೇಕಾದದ್ದು ಹನ್ನೆರಡೋ ಹದಿಮೂರೋ. ಅಂಕಿಯನ್ನು ನಂಬಿದರೆ ಪೆಟ್ರೋಲ್ ಹೆಚ್ಚಿಸಬೇಕು.

"ಹೆಚ್ಚಾಗಿದೆ" ಎಂದರು ದೊಡ್ಡಪ್ಪ, ಪರದೆಯ ಕಡೆ ತಿರುಗಿಯೂ ನೋಡದೆ. "ವಾಸನೆ ನೋಡು."

ಹಿಂದೆ ಹೋಗಿ ನಿಂತೆ. ಕಣ್ಣು ಉರಿಯುವಷ್ಟು ಹಸಿ ಪೆಟ್ರೋಲ್ ವಾಸನೆ. ಸೆನ್ಸರ್ ಎಣಿಸುವುದು ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಪ್ಲಗ್ ನೆನೆದು ಒಂದು ಸಿಲಿಂಡರ್ ಹೊತ್ತಿಕೊಳ್ಳದೆ ಹೋದರೆ ಅದರ ಗಾಳಿಯಲ್ಲಿನ ಆಮ್ಲಜನಕವೆಲ್ಲ ಉರಿಯದೆ ನೇರವಾಗಿ ಎಕ್ಸಾಸ್ಟಿಗೆ ಬರುತ್ತದೆ. ಆಗ ಸೆನ್ಸರ್ ಪೆಟ್ರೋಲ್ ಕಡಿಮೆ ಎನ್ನುತ್ತದೆ, ಎಂಜಿನ್ ಪೆಟ್ರೋಲಿನಲ್ಲೇ ಮುಳುಗುತ್ತಿರುತ್ತದೆ. ಆ ಅಂಕಿಯ ಮಾತು ಕೇಳಿ ಇನ್ನಷ್ಟು ಸುರಿಯುತ್ತಾ ಹೋದರೆ ಕೆಡುವುದು ಪ್ಲಗ್ ಮಾತ್ರವಲ್ಲ. ಸಿಲಿಂಡರ್ ಗೋಡೆಯ ಎಣ್ಣೆಯ ಪದರ ತೊಳೆದುಹೋಗುತ್ತದೆ, ಪೆಟ್ರೋಲ್ ಪಿಸ್ಟನ್ ದಾಟಿ ಎಂಜಿನ್ ಆಯಿಲಿಗೆ ಸೇರುತ್ತದೆ. ಇಷ್ಟು ಹಳೆಯ ಎಂಜಿನ್ನಿಗೆ ಅದನ್ನು ದಿನಾ ಬೆಳಿಗ್ಗೆ ಮಾಡುವುದನ್ನು ನಾನು ಯೋಚಿಸಲಾರೆ.

ಟೇಬಲಿನಲ್ಲಿ 10 ಡಿಗ್ರಿಗೆ ಎಷ್ಟು ಪೆಟ್ರೋಲ್ ಎನ್ನುವ ಸಾಲನ್ನು ನೂರ ಅರವತ್ತು ಶೇಕಡಾದಿಂದ ಐದೈದಾಗಿ ಇಳಿಸಿದೆ. ನೂರ ನಲವತ್ತೈದಕ್ಕೆ ಬಂದಾಗ ಸದ್ದು ಕೂಡಿಕೊಂಡಿತು, ವೇಗ ತಾನಾಗಿ ಸ್ವಲ್ಪ ಏರಿತು. ಪರದೆಯ 17 ಹದಿಮೂರರ ಹತ್ತಿರ ಬಂದು ನಿಂತಿತು. ಪೆಟ್ರೋಲ್ ಕಡಿಮೆ ಮಾಡಿದ ಮೇಲೆ ಪೆಟ್ರೋಲ್ ಹೆಚ್ಚಾಗಿದೆ ಎಂದು ಸೆನ್ಸರ್ ಹೇಳಿದ್ದನ್ನು ಕಣ್ಣಾರೆ ಕಂಡೆ. ದೊಡ್ಡಪ್ಪ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿ ಕೂತಿದ್ದರು. ನನಗೆ ತುಂಬಾ ಸಂತೋಷವಾಯಿತು. ಇಷ್ಟು ಸಂತೋಷ ಆ ಗಾಡಿ ಹೆದ್ದಾರಿಯಲ್ಲಿ ಚೆನ್ನಾಗಿ ಓಡಿದ ದಿನವೂ ಆಗಿರಲಿಲ್ಲ.

ಸೀಟಿನಿಂದ ಎಬ್ಬಿಸುವುದು ಕಷ್ಟವಾಯಿತು. ಹೆಗಲಿಗೆ ಕೈ ಕೊಟ್ಟು ಎತ್ತುವಾಗ ಅವರು ಎಷ್ಟು ಹಗುರಾಗಿದ್ದಾರೆ ಎಂದು ತಿಳಿಯಿತು. ಕಳೆದ ವರ್ಷ ಹೀಗಿರಲಿಲ್ಲ. ಅತ್ತಿಗೆಗೆ ಹೇಳಬೇಕು, ಡಾಕ್ಟರ ಬಳಿ ಹೋಗುವುದನ್ನು ಇವರು ಮುಂದೂಡುತ್ತಲೇ ಇದ್ದಾರೆ.

ಹೋಗುವಾಗ "ಆ ಎರಡು ಎಸ್‌ಯುಗಳನ್ನು ಮಾರಬೇಡ" ಎಂದರು. ಮಾರಿಲ್ಲ. ಎಣ್ಣೆ ಸವರಿ, ಬಟ್ಟೆ ಸುತ್ತಿ, ಸೂಜಿಗಳನ್ನು ಬೇರೆಯಾಗಿ ಇಟ್ಟಿದ್ದೇನೆ ಎಂದೆ. ತಲೆಯಾಡಿಸಿದರು.

ಈಗ ಬೆಳಗಿನ ಅಂಕಿಗಳ ದಾಖಲೆಯಾದ ಲಾಗ್ ತೆರೆದು ಕೂತಿದ್ದೇನೆ. ಕೂಲೆಂಟ್ 30 ದಾಟಿದ ಮೇಲೆ ಇನ್ನೊಂದು ತಡವರಿಕೆ ಇದೆ, ಚಿಕ್ಕದು. ಬೆಳಿಗ್ಗೆ ಇಬ್ಬರಿಗೂ ಅದು ಕೇಳಿಸಲಿಲ್ಲ. ಚಳಿಯಲ್ಲಿ ಪೆಟ್ರೋಲಿನ ಹಗುರ ಅಂಶ ಮಾತ್ರ ಆವಿಯಾಗುತ್ತದೆ, ಉಳಿದದ್ದು ಮ್ಯಾನಿಫೋಲ್ಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ನನ್ನ ಇಂಜೆಕ್ಟರುಗಳು ಥ್ರಾಟಲ್ ಬಾಡಿಯಲ್ಲೇ ಇರುವುದರಿಂದ ನೆನೆಯುವ ಗೋಡೆ ಉದ್ದವಾಗಿದೆ. ಸಾಲದ್ದಕ್ಕೆ ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರಿಗೆ ಎರಡೇ ಇನ್‌ಟೇಕ್ ಪೋರ್ಟುಗಳು, ಅಂದರೆ ಗಾಳಿ ಒಳಹೋಗುವ ಬಾಯಿಗಳು. ಗೋಡೆ ಕಾಯತೊಡಗಿದಾಗ ಅಂಟಿದ್ದೆಲ್ಲ ಒಟ್ಟಿಗೆ ಆವಿಯಾಗಿ ಒಳಗೆ ಬರುತ್ತಿರಬಹುದು. ಅದೇ ಹೊತ್ತಿಗೆ ಐಡಲ್ ವಾಲ್ವ್ ಕೂಡ ಮುಚ್ಚಿಕೊಳ್ಳುತ್ತಾ ಇರುತ್ತದೆ, ಹಾಗಾಗಿ ತಪ್ಪು ಪೆಟ್ರೋಲಿನದೋ ಗಾಳಿಯದೋ ಹೇಳುವಂತಿಲ್ಲ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ಏನೂ ತಿಳಿಯುವುದಿಲ್ಲ. ನಾಳೆ ವಾಲ್ವನ್ನು ಹಾಗೆಯೇ ಬಿಟ್ಟು 30ರ ಸಾಲನ್ನು ಮಾತ್ರ ಇಳಿಸಿ ನೋಡಬೇಕು. ಆದರೆ ನಾಳೆ ಬೆಳಿಗ್ಗೆ ಚಳಿ ಇದಕ್ಕಿಂತ ಹೆಚ್ಚಿದ್ದರೆ, 10ರ ಸಾಲಿನ ಕೆಳಗಿನದ್ದನ್ನು ನಾನು ಇನ್ನೂ