ಬೈಯುವ ಮುಂಚೆ ರೀಲು ಎಣಿಸಿ

‘ಯಾರೂ ಹೆಸರು ಕೇಳಿರದ ದೆವ್ವದ ಸಿನಿಮಾ, ನಿಂಜಾ ಸಿನಿಮಾ, ರಟ್ಟಿನ ರಾಕೆಟ್ಟಿನ ಸಿನಿಮಾ ಇವನ್ನೇ ವರ್ಷವಿಡೀ ನೋಡಿ ವಿಮರ್ಶೆ ಬರೀತೀರಲ್ಲ, ಡಬ್ಬಾ ಅಂತ ನೋಡುವ ಮುಂಚೆಯೇ ಗೊತ್ತಿರುತ್ತೆ. ಬರೆಯೋಕೆ ಅದರಲ್ಲಿ ಏನಿರುತ್ತೆ?’ ಗಾಂಧಿನಗರದ ಟೀ ಅಂಗಡಿಯಿಂದ ಹಿಡಿದು ಬನಶಂಕರಿಯ ಸುಚಿತ್ರಾ ಫಿಲಂ ಸೊಸೈಟಿಯ ಅಂಗಳದವರೆಗೆ ಎಲ್ಲ ಕಡೆ ಬರುವ ಪ್ರಶ್ನೆ ಇದೊಂದೇ.

ಡಬ್ಬಾ ಹೌದೋ ಅಲ್ಲವೋ ಅನ್ನುವುದು ಆಮೇಲಿನ ಮಾತು. ನೀವು ನೋಡಿದ್ದು ಆ ಸಿನಿಮಾವೇ ಹೌದಾ ಎಂಬುದು ಮೊದಲು ಇತ್ಯರ್ಥವಾಗಬೇಕು. ಇಂಥ ಸಿನಿಮಾಗಳಿಗೆ ಬೀಳುವ ಬೈಗುಳದಲ್ಲಿ ಒಳ್ಳೆಯ ಪಾಲು ನಿರ್ದೇಶಕನಿಗೆ ಸೇರಬೇಕಾದ್ದೇ ಅಲ್ಲ. ಕತ್ತರಿ ಹಾಕಿದ ಹಂಚಿಕೆದಾರ, ಬಣ್ಣ ಹೋದ ಪ್ರಿಂಟು, ಎರಡೂ ಬದಿ ಕುಯ್ದು ಟಿವಿ ಅಳತೆಗೆ ಕೂರಿಸಿದ ವಿಡಿಯೊ ಕಂಪನಿ, ಇವರೆಲ್ಲರ ಪಾಲೂ ಅದರಲ್ಲಿದೆ.

ಸತ್ತವರು ಎದ್ದು ಬರುವ 1968ರ ಸಿನಿಮಾ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ನೋಡಿ. ನಿರ್ದೇಶಕ ಜಾರ್ಜ್ ರೊಮೆರೊ ಅದನ್ನು ಪಿಟ್ಸ್‌ಬರ್ಗ್ ಆಸುಪಾಸಿನಲ್ಲಿ ಸುಮಾರು 1 ಲಕ್ಷ 14 ಸಾವಿರ ಡಾಲರಿನಲ್ಲಿ ಮುಗಿಸಿದರು. ರಕ್ತಕ್ಕೆ ಬಳಸಿದ್ದು ಚಾಕೊಲೇಟ್ ಸಿರಪ್. ಬಿಡುಗಡೆ ಹೊತ್ತಿಗೆ ಹೆಸರು ಬದಲಾಯಿತು, ಹಳೇ ಹೆಸರಿನ ಕಾರ್ಡ್ ತೆಗೆದಾಗ ಅದರ ಮೇಲಿದ್ದ ಹಕ್ಕುಸ್ವಾಮ್ಯದ ಸಾಲೂ ಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೇ ಇಲ್ಲ. ಕೈಗೆ ಸಿಕ್ಕ ಪ್ರಿಂಟಿನಿಂದ ಯಾರು ಬೇಕಾದರೂ ಕ್ಯಾಸೆಟ್ ಹೊಡೆದರು, ಕ್ಯಾಸೆಟ್ಟಿನಿಂದ ಇನ್ನೊಂದು ಕ್ಯಾಸೆಟ್ ಹೊಡೆದರು. ಹಾಗೆ ಬಂದ ನಕಲಿನಲ್ಲಿ ನೆಲಮಾಳಿಗೆಯ ದೃಶ್ಯ ಬರೀ ಕಪ್ಪು ಮಸಿ. ಮೂಲ ನೆಗೆಟಿವಿನಿಂದ ದುರಸ್ತಿ ಮಾಡಿ 2016ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ತೋರಿಸಿದ ಪ್ರತಿಯಲ್ಲಿ ಅದೇ ಕತ್ತಲಲ್ಲಿ ಗೋಡೆ, ಮೆಟ್ಟಿಲು, ಮುಖದ ಬೆವರು ಎಲ್ಲಾ ಬೇರೆಬೇರೆ ಕಾಣುತ್ತೆ. ‘ಛಾಯಾಗ್ರಹಣ ಕಳಪೆ’ ಅಂತ ಕ್ಯಾಸೆಟ್ ನೋಡಿ ಬರೆದವರು ಬರೆದದ್ದು ಸಿನಿಮಾ ವಿಮರ್ಶೆಯಲ್ಲ, ಕ್ಯಾಸೆಟ್ ವಿಮರ್ಶೆ.

ಹಾಗಾಗಿ ವಾರಕ್ಕೊಂದರಂತೆ ವರ್ಷಕ್ಕೆ 52 ಅಂತ ಹಾಕಿಕೊಂಡರೆ, ಒಂದೂವರೆ ಗಂಟೆಯ ಒಂದು ಸಿನಿಮಾಕ್ಕೆ ಐದು ಗಂಟೆ ಎತ್ತಿಡಬೇಕು. ಅರ್ಧ ಗಂಟೆ ಪ್ರಿಂಟಿನ ತಪಾಸಣೆಗೆ, ಒಂದೂವರೆ ಗಂಟೆ ಎಲ್ಲೂ ನಿಲ್ಲಿಸದೆ ನೋಡಲಿಕ್ಕೆ, ಅರ್ಧ ಗಂಟೆ ಅನುಮಾನ ಬಂದ ಭಾಗಗಳನ್ನು ಮತ್ತೆ ನೋಡಲಿಕ್ಕೆ, ಉಳಿದದ್ದು ಬರೆಯಲಿಕ್ಕೆ. ವಾರಕ್ಕೆರಡು ಅಂತ ಶುರುಮಾಡಿದರೆ ಕತ್ತರಿ ಬೀಳುವುದು ತಪಾಸಣೆಗೇ.

ತಪಾಸಣೆಯಲ್ಲಿ ಮೊದಲು ಅವಧಿ. 90 ನಿಮಿಷದ ಸಿನಿಮಾ ಅಂತ ಎಲ್ಲ ಕಡೆ ಇದೆ, ನಿಮ್ಮ ಫೈಲು 86 ನಿಮಿಷ 24 ಸೆಕೆಂಡ್ ತೋರಿಸುತ್ತಿದೆ. ಸೆನ್ಸಾರ್ ಕತ್ತರಿ ಅಂದುಕೊಳ್ಳಬೇಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ನಮ್ಮ ದೇಶದ ಮತ್ತು ಯುರೋಪಿನ ಪಾಲ್ ಟಿವಿ ಪದ್ಧತಿ 25. ಟೇಪಿಗೆ ಇಳಿಸುವಾಗ ಒಂದು ಫ್ರೇಮ್ ಹೆಚ್ಚಿಗೆ ಓಡಿಸುತ್ತಿದ್ದರು, ಅಷ್ಟೇ. ದೃಶ್ಯ ಒಂದೂ ಹೋಗಿಲ್ಲ. ರಾಕ್ಷಸನ ದನಿ ಮಾತ್ರ ಒಂಚೂರು ಕೀರಲು. ಫೈಲಿನ ಅವಧಿಯನ್ನು 24ರಿಂದ ಭಾಗಿಸಿ 25ರಿಂದ ಗುಣಿಸಿ. ಲೆಕ್ಕ ಕೂಡಿದರೆ ನೆಮ್ಮದಿ. 90ರದ್ದು 71ಕ್ಕೆ ಇಳಿದಿದ್ದರೆ ಅದು ಬೇರೆ ಕಥೆ, ಅಲ್ಲಿ ಒಂದು ರೀಲೇ ಹೋಗಿರಬಹುದು.

ರೀಲು ಹೋಗಿದ್ದನ್ನು ಹಿಡಿಯುವುದು ಹೇಗೆ? ಪರದೆಯ ಬಲಮೇಲ್ಮೂಲೆ ನೋಡಿ. ಹಳೇ ಥಿಯೇಟರ್ ಪ್ರಿಂಟಿನಿಂದ ಬಂದ ಪ್ರತಿಯಾದರೆ ಪ್ರತಿ ರೀಲಿನ ಕೊನೆಗೆ ಅಲ್ಲೊಂದು ದುಂಡನೆಯ ಚುಕ್ಕಿ ನಾಲ್ಕು ಫ್ರೇಮ್ ಕಾಲ, ಅಂದರೆ ಸೆಕೆಂಡಿನ ಆರನೇ ಒಂದು ಭಾಗ, ಮಿಂಚಿ ಹೋಗುತ್ತೆ. ಸುಮಾರು ಏಳು ಸೆಕೆಂಡ್ ಬಿಟ್ಟು ಮತ್ತೊಂದು. ಮೊದಲನೆಯದು ಆಪರೇಟರಿಗೆ ‘ಎರಡನೇ ಪ್ರೊಜೆಕ್ಟರ್ ಮೋಟಾರ್ ಹಾಕು’ ಅಂತ, ಎರಡನೆಯದು ‘ಬದಲಾಯಿಸು’ ಅಂತ. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತೆ, ಪ್ರದರ್ಶನದ ರೀಲು ಗರಿಷ್ಠ 2,000 ಅಡಿ. ಅಲ್ಲಿಗೆ ಚುಕ್ಕಿ ಜೋಡಿಯಿಂದ ಜೋಡಿಗೆ ಅಂತರ 22 ನಿಮಿಷ ದಾಟುವ ಹಾಗಿಲ್ಲ, ಸಾಮಾನ್ಯವಾಗಿ 18–20. ಚುಕ್ಕಿ ಬಂದ ಹೊತ್ತನ್ನು ಗುರುತು ಹಾಕುತ್ತಾ ಹೋಗಿ. ಎರಡು ಜೋಡಿಗಳ ನಡುವೆ ಹನ್ನೊಂದೇ ನಿಮಿಷ ಇದ್ದು, ಸತ್ತವಳು ಹೇಗೆ ಸತ್ತಳೆಂದೇ ತಿಳಿಯದಿದ್ದರೆ ಚಿತ್ರಕಥೆಯನ್ನು ಬೈಯಬೇಡಿ, ತುಂಡು ಎಲ್ಲಿ ಹೋಯಿತು ಹುಡುಕಿ. ನೇರ ನೆಗೆಟಿವಿನಿಂದ ಸ್ಕ್ಯಾನ್ ಮಾಡಿದ ಪ್ರತಿಗಳಲ್ಲಿ ಚುಕ್ಕಿ ಇರುವುದಿಲ್ಲ, ಅದು ದೋಷವಲ್ಲ.

ಇಡೀ ಚಿತ್ರ ಗುಲಾಬಿಗೆ ತಿರುಗಿದ್ದರೆ ಹಳೇ ಈಸ್ಟ್‌ಮನ್ ಕಲರ್ ಪ್ರಿಂಟು: ನೀಲಿ-ಹಸಿರು ವರ್ಣದ್ರವ್ಯ ಮೊದಲು ಸಾಯುತ್ತೆ, ಕೆಂಪುಛಾಯೆ ಉಳಿಯುತ್ತೆ. ಓಡಾಟದಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ‘ಡಿ’ ಕೀ ಒತ್ತಿ. ಸಬ್‌ಟೈಟಲ್ ಶುರುವಿನಿಂದ ಕೊನೆವರೆಗೆ ಒಂದೇ ಸಮ ಹಿಂದುಮುಂದಾಗಿದ್ದರೆ ‘ಜಿ’, ‘ಎಚ್’ ಕೀಗಳಿಂದ ಸರಿಯಾಗುತ್ತೆ, ಒಂದು ಒತ್ತಿಗೆ 50 ಮಿಲಿಸೆಕೆಂಡ್. ಹತ್ತು ನಿಮಿಷಕ್ಕೆ ಸುಮಾರು 24 ಸೆಕೆಂಡಿನಂತೆ ಬೆಳೆಯುತ್ತಾ ಹೋದರೆ ಕೀ ಒತ್ತಿ ಪ್ರಯೋಜನವಿಲ್ಲ, ಅದೂ 24-25ರ ಜಗಳವೇ. ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಾಯಿಸಿ ಉಳಿಸಿಕೊಳ್ಳಿ.

ಇಲ್ಲಿನ ಸರಕಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಸಂಡೆ ಬಜಾರಿನಲ್ಲಿ ಹಳೇ ಕನ್ನಡ ವಿಸಿಡಿ (ವಿಡಿಯೊ ಸಿಡಿ) ಸಿಕ್ಕರೆ ಬಿಡಬೇಡಿ. ಕೆಲವು ಚಿತ್ರಗಳಿಗೆ ಉಳಿದಿರುವ ರೂಪ ಅದೊಂದೇ ಇರಬಹುದು. ಆದರೆ ಒಂದು ತಟ್ಟೆಗೆ ಹಿಡಿಸುವುದು 74 ನಿಮಿಷ, ಚಿತ್ರದ ಅಳತೆ 352×288 ಪಿಕ್ಸೆಲ್. ಜಾಗ ಉಳಿಸಲಿಕ್ಕೆಂದು ವಿಡಿಯೊ ಭಾಗದಲ್ಲಿ ದೋಷ ತಿದ್ದುವ ಹೆಚ್ಚುವರಿ ಸಂಕೇತವನ್ನೇ ಬಿಟ್ಟಿರುತ್ತಾರೆ. ಅದಕ್ಕೇ ಫೋಲ್ಡರಿನಿಂದ ಸಿನಿಮಾ ಇರುವ ‘ಡ್ಯಾಟ್’ ಫೈಲನ್ನು ಎಳೆದು ನಕಲಿಸಲು ಹೋದರೆ ಗೀರಿರುವ ಕಡೆ ಸಿಕ್ಕಿಹಾಕಿಕೊಳ್ಳುತ್ತೆ. ವಿಎಲ್‌ಸಿಯಲ್ಲಿ ಡಿಸ್ಕ್ ಆಗಿಯೇ ತೆರೆದು ಅಲ್ಲಿಂದ ಉಳಿಸಿ. ಒರೆಸುವುದು ನಡುವಿನಿಂದ ಅಂಚಿಗೆ, ನೇರ ಗೆರೆಯಲ್ಲಿ. ದೋಸೆಕಾವಲಿ ಹಾಗೆ ಸುತ್ತ ಉಜ್ಜಿದರೆ ಗೀರು ಟ್ರ್ಯಾಕಿನುದ್ದಕ್ಕೂ ಬಿದ್ದು ಹೋದದ್ದು ಹೋದದ್ದೇ.

ಹೆಸರಿನ ಗೊಂದಲ ಇನ್ನೊಂದು. ಇಟಲಿಯ ನಿರ್ದೇಶಕ ಲೂಚಿಯೊ ಫುಲ್ಚಿಯ 1979ರ ‘ಝಾಂಬಿ 2’ಕ್ಕೆ ಅವರದೇ ಒಂದನೇ ಭಾಗ ಇಲ್ಲ. ರೊಮೆರೊನ ‘ಡಾನ್ ಆಫ್ ದಿ ಡೆಡ್’ ಇಟಲಿಯಲ್ಲಿ ‘ಝಾಂಬಿ’ ಅಂತ ಬಿಡುಗಡೆಯಾಗಿತ್ತು, ಅದರ ಬಾಲ ಹಿಡಿದರು. ಬ್ರಿಟನ್ನಿನಲ್ಲಿ ಇದೇ ಸಿನಿಮಾ ‘ಝಾಂಬಿ ಫ್ಲೆಶ್ ಈಟರ್ಸ್’. ಇರುವ ಹೆಸರುಗಳನ್ನೆಲ್ಲ ಬರೆದಿಟ್ಟುಕೊಳ್ಳದಿದ್ದರೆ ಮಾರ್ಚಿನಲ್ಲಿ ನೋಡಿದ್ದನ್ನೇ ನವೆಂಬರಿನಲ್ಲಿ ಬೇರೆ ಹೆಸರಲ್ಲಿ ನೋಡುತ್ತೀರಿ.

ಇಷ್ಟಾದ ಮೇಲೆ ಸಿನಿಮಾದ ಸ್ವಂತ ತಪ್ಪುಗಳು. ಇಲ್ಲಿ ಕಾಸಿಲ್ಲದ್ದಕ್ಕೆ ಆದದ್ದನ್ನೂ ತಲೆ ಓಡಿಸದ್ದಕ್ಕೆ ಆದದ್ದನ್ನೂ ಬೇರೆ ಮಾಡಬೇಕು. ಗೊಬ್ಬರ ಮಾರುತ್ತಿದ್ದ ಹೆರಾಲ್ಡ್ ವಾರೆನ್ ಟೆಕ್ಸಾಸಿನ ಎಲ್ ಪಾಸೊದಲ್ಲಿ ಮಾಡಿದ ‘ಮ್ಯಾನೋಸ್’ (1966) ಎಲ್ಲರೂ ನಗುವ ಸಿನಿಮಾ. ಅವರ ಕ್ಯಾಮೆರಾ ಕೀಲಿ ಕೊಟ್ಟು ಓಡಿಸುವಂಥದ್ದು, ಒಂದು ಕೀಲಿಗೆ 32 ಸೆಕೆಂಡ್, ಶಬ್ದ ದಾಖಲಿಸುತ್ತಿರಲಿಲ್ಲ. ಹಾಗಾಗಿ ಶಾಟುಗಳು ಅರ್ಧ ನಿಮಿಷದೊಳಗೆ ತುಂಡಾಗುವುದು, ಬೆರಳೆಣಿಕೆಯ ಜನರೇ ಎಲ್ಲ ಪಾತ್ರಕ್ಕೂ ದನಿ ಕೊಟ್ಟಿರುವುದು ಕಾಸಿನ ಲೆಕ್ಕ. ಆದರೆ ಶುರುವಿನಲ್ಲಿ ಕಾರು ಹೋಗುತ್ತಲೇ ಇರುತ್ತದಲ್ಲ, ಅದನ್ನು ಎಡಿಟಿಂಗ್ ಟೇಬಲ್ಲಿನಲ್ಲಿ ಕತ್ತರಿಸಲು ಒಂದು ಡಾಲರೂ ಬೇಕಿರಲಿಲ್ಲ. ಅದು ತಲೆಯದ್ದು, ಧಾರಾಳವಾಗಿ ಬೈಯಿರಿ.

ಹಗಲಲ್ಲಿ ತೆಗೆದು ರಾತ್ರಿ ಅನ್ನಿಸುವ ಡೇ ಫಾರ್ ನೈಟ್ ಕೂಡ ಹೀಗೆಯೇ. ಕ್ಯಾಮೆರಾಕ್ಕೆ ಎರಡು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುತ್ತೆ) ಕಡಿಮೆ ಬೆಳಕು ಬಿಟ್ಟು ನೀಲಿ ಛಾಯೆ ಕೊಟ್ಟರೆ ರಾತ್ರಿ ಕಾಲ್‌ಶೀಟು, ಜನರೇಟರ್, ಯೂನಿಟ್ಟಿನ ಹೆಚ್ಚುವರಿ ಭತ್ಯೆ ಎಲ್ಲ ಉಳಿಯುತ್ತೆ. ಕಾಸಿಲ್ಲದವನು ಮಾಡಲಿ, ತಕರಾರಿಲ್ಲ. ಆದರೆ ಫ್ರೇಮಿನಲ್ಲಿ ಆಕಾಶ ಬಿಟ್ಟಿದ್ದಾನೆಯೇ, ಕಾಲ ಬುಡದಲ್ಲಿ ಮಧ್ಯಾಹ್ನದ ಮೊಂಡು ನೆರಳಿದೆಯೇ ನೋಡಿ. ಬೆಳಿಗ್ಗೆ ಏಳಕ್ಕೆ ಸೂರ್ಯನಿಗೆ ಎದುರಾಗಿ ಕ್ಯಾಮೆರಾ ಇಟ್ಟು, ಆಕಾಶ ತಪ್ಪಿಸಿ ತೆಗೆದಿದ್ದರೆ ಅದೇ ಖರ್ಚಿನಲ್ಲಿ ರಾತ್ರಿಯಾಗುತ್ತಿತ್ತು. ಕನ್ನಡದ ‘6-5=2’ (2013) ಈ ಗೊಡವೆಯನ್ನೇ ತಪ್ಪಿಸಿಕೊಂಡಿತು: ಚಾರಣಕ್ಕೆ ಹೋದ ಗೆಳೆಯರೇ ಹಿಡಿದ ಕ್ಯಾಮೆರಾ ಅಂದಮೇಲೆ ಅಲುಗಾಟ, ಅರೆಬೆಳಕು ಎಲ್ಲವೂ ಕಥೆಯೊಳಗಿನದೇ ಆಯಿತು.

ಹಾಂಗ್‌ಕಾಂಗಿನ ಗಾಡ್‌ಫ್ರೀ ಹೊ 80ರ ದಶಕದಲ್ಲಿ ಮಾಡಿದ ನಿಂಜಾ ಸಿನಿಮಾಗಳಿಗಂತೂ ಬೇರೆಯೇ ಕಣ್ಣು ಬೇಕು. ಯಾವುದೋ ಹಳೇ ಸಿನಿಮಾಕ್ಕೆ ಹೊಸದಾಗಿ ತೆಗೆದ ನಿಂಜಾ ದೃಶ್ಯ ಹೊಲಿದು ಇನ್ನೊಂದು ಸಿನಿಮಾ ಮಾಡುವುದು ಅವರ ಕಸುಬು. ಹೊಲಿಗೆ ಹಾಕಲು ಸೂಜಿ ಟೆಲಿಫೋನು: ಇಲ್ಲಿಯವನು ಫೋನಿನಲ್ಲಿ ಕೇಳುತ್ತಾನೆ, ಅಲ್ಲಿಯವನು ಹಳೇ ಸಿನಿಮಾದೊಳಗಿಂದ ಉತ್ತರಿಸುತ್ತಾನೆ. ಇಬ್ಬರೂ ಒಂದೇ ಫ್ರೇಮಿನಲ್ಲಿ ಒಮ್ಮೆಯೂ ನಿಲ್ಲುವುದಿಲ್ಲ. ‘ನಿಂಜಾ ಟರ್ಮಿನೇಟರ್’ನಲ್ಲಿ ಆ ಫೋನು ಗಾರ್‌ಫೀಲ್ಡ್ ಬೆಕ್ಕಿನ ಆಕಾರದ್ದು. ನಟನೆಯ ಬಗ್ಗೆ ಬರೆದು ಸುಸ್ತಾಗುವ ಬದಲು ಫಿಲಂ ಕಣದ ದಪ್ಪ, ಬಣ್ಣ ಎಲ್ಲಿ ಬದಲಾಗುತ್ತೆ ಗುರುತು ಹಾಕಿ, ವಿಮರ್ಶೆ ತಾನಾಗಿ ಬರುತ್ತೆ.

ಬಜೆಟ್ ಅಂಕಿ ಬರೆಯುವಾಗ ಎಚ್ಚರ. ‘ಎಲ್ ಮರಿಯಾಚಿ’ (1992) 7,000 ಡಾಲರಿನ ಸಿನಿಮಾ ಅಂತ ಎಲ್ಲರೂ ಬರೆಯುತ್ತಾರೆ. ನಿರ್ದೇಶಕ ರಾಬರ್ಟ್ ರೊಡ್ರಿಗೆಜ್ ಕೈಯಿಂದ ಹೋದದ್ದು ಅಷ್ಟು. 16 ಎಂಎಂನಿಂದ 35ಕ್ಕೆ ಹಿಗ್ಗಿಸಿ, ಶಬ್ದ ಸರಿಮಾಡಿ ಥಿಯೇಟರಿಗೆ ತರಲು ಕೊಲಂಬಿಯಾ ಸಿನಿಮಾ ಕಂಪನಿ ಸುರಿದದ್ದು ಅದರ ಎಷ್ಟೋ ಪಟ್ಟು. ಪರದೆ ಮೇಲೆ ನೀವು ನೋಡಿದ್ದು 7,000 ಡಾಲರನ್ನಲ್ಲ.

ವಿಮರ್ಶೆಯ ತಲೆಯಲ್ಲಿ ಒಂದು ಸಾಲು ಬೀಳಲೇಬೇಕು: ‘ನೋಡಿದ ಪ್ರತಿ: ಇಂಗ್ಲಿಷ್ ಡಬ್ಬಿಂಗ್, ಪಾಲ್ ಟೇಪಿನಿಂದ, 86 ನಿಮಿಷ, ಎರಡೂ ಬದಿ ಕುಯ್ದದ್ದು, ಮೂರನೇ ರೀಲಿನಲ್ಲಿ ಜಿಗಿತ.’ ಮುಂದೆ ಒಳ್ಳೆಯ ಪ್ರತಿ ಸಿಕ್ಕಿ ಅಭಿಪ್ರಾಯ ಬದಲಾದರೆ ಹಳೆಯದನ್ನು ಅಳಿಸಬೇಡಿ. ತಾರೀಖು ಹಾಕಿ ಹೊಸ ಪ್ರತಿಯ ಸಾಲನ್ನು ಅದರ ಕೆಳಗೆ ಸೇರಿಸಿ.