ಕಾರ್ಡ್ ಇದ್ರೆ ಸಾಕಲ್ವಾ?

ತಿಂಗಳಿಗೆ ಎರಡು ಮೆಸೇಜಾದರೂ ಬರುತ್ತವೆ. ಮೊದಲು ‘ಅಣ್ಣಾ, ಹೇಗಿದೀರಾ?’ ಆಮೇಲೆ ಎರಡು ನಿಮಿಷ ‘ಟೈಪಿಂಗ್’ ಅಂತ ತೋರಿಸುತ್ತಲೇ ಇರುತ್ತದೆ. ಕೊನೆಗೆ ವಿಷಯ ಹೊರಗೆ ಬರುತ್ತದೆ: ‘ನನ್ನ ಫ್ರೆಂಡ್ ಒಬ್ಬಳಿದ್ದಾಳೆ. ಹೊಸದಾಗಿ ನರ್ಸ್ ಆಗಿದ್ದಾಳೆ. ಅವಳ ಹತ್ರ ಮೆಡಿಕಲ್ ಮರಿವಾನಾ ಕಾರ್ಡ್ ಇದೆ. ಕೆಲಸಕ್ಕೆ ಸೇರೋ ಮುಂಚೆ ಡ್ರಗ್ ಟೆಸ್ಟ್ ಮಾಡ್ತಾರಂತೆ. ಕಾರ್ಡ್ ಇದ್ರೆ ಸಾಕಲ್ವಾ?’

ಸಾಕಾಗಲ್ಲ. ಮರಿವಾನಾ ಅಂದರೆ ಗಾಂಜಾ. ಕಾಯಿಲೆ ಇರುವವರು ಅದನ್ನು ಕೊಳ್ಳಬಹುದು ಅಂತ ರಾಜ್ಯ ಕೊಡೋ ಕಾರ್ಡಿದು.

ನಾನು ಹಿರಿಯೂರಿನವನು. ಬೆಂಗಳೂರಲ್ಲಿ ನರ್ಸಿಂಗ್ ಓದಿದೆ, ಅಲ್ಲಿ ವಾರ್ಡಿನಲ್ಲಿ ಎಲ್ಲರಿಗೂ ‘ಬ್ರದರ್’ ಆಗಿದ್ದೆ. ಈಗ ಹನ್ನೊಂದು ವರ್ಷದಿಂದ ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ಸಿನಲ್ಲಿ ಒಂದೇ ಆಸ್ಪತ್ರೆಯಲ್ಲಿದ್ದೇನೆ. ಹೊಸ ನರ್ಸ್‌ಗಳು ಬಂದಾಗ ಮೊದಲ ಕೆಲವು ವಾರ ಜೊತೆಗಿದ್ದು ಕಲಿಸುವ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಅದಕ್ಕೇ ಇಲ್ಲಿ ಹುಟ್ಟಿ ಬೆಳೆದ ನಮ್ಮವರ ಮಕ್ಕಳು, ಊರಿಂದ ಈಗಷ್ಟೇ ಬಂದವರು, ಎಲ್ಲರೂ ನನ್ನನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದರ ಲಿಂಕ್ ಕಳಿಸುತ್ತೇನೆ.

ಮೊದಲು ಈ ‘ಫ್ರೆಂಡ್’ ವಿಚಾರ. ಇಷ್ಟು ವರ್ಷದಲ್ಲಿ ಒಬ್ಬಳನ್ನು ಬಿಟ್ಟರೆ ಯಾರೂ ತಮಗೋಸ್ಕರ ಕೇಳಿಲ್ಲ. ಆ ಫ್ರೆಂಡ್ ಯಾರೋ ಗೊತ್ತಿಲ್ಲ, ಅಮೆರಿಕದಲ್ಲಿರೋ ಅಷ್ಟೂ ಕನ್ನಡದವರಿಗೆ ಬೇಕಾದವಳು.

ಅದಾದರೂ ಪರವಾಗಿಲ್ಲ. ನನಗೆ ಮೈ ಉರಿಯೋದು ಮುಂದಿನ ಸಾಲಿಗೆ. ‘ಔಷಧೀನೇ ಅಲ್ವಾ ಅಣ್ಣಾ?’ ನಾನು ಔಷಧಿ ಅಲ್ಲ ಅಂದಿಲ್ಲ. ಕೀಮೋ ತಗೊಂಡವರಿಗೆ ವಾಂತಿ ನಿಲ್ಲಿಸಿದ್ದು, ನೋವಲ್ಲಿ ಹೊರಳಾಡುತ್ತಿದ್ದವರಿಗೆ ನಿದ್ದೆ ಕೊಟ್ಟಿದ್ದು ಕಣ್ಣಾರೆ ನೋಡಿದ್ದೇನೆ. ನೀವು ಕೇಳಬೇಕಾದ ಜಾಗ ನನ್ನ ಮನಸ್ಸಲ್ಲ, ಆಸ್ಪತ್ರೆಯ ಪಾಲಿಸಿ.

ಅಮೆರಿಕದ ಕೇಂದ್ರ ಸರ್ಕಾರ 1970ರ ಕಾಯ್ದೆಯಲ್ಲಿ ಗಾಂಜಾವನ್ನು ಹೆರಾಯಿನ್ ಪಕ್ಕದಲ್ಲಿ, ಮೊದಲನೇ ಪಟ್ಟಿಯಲ್ಲಿ ಕೂರಿಸಿತು. ಆ ಪಟ್ಟಿಯಲ್ಲಿರುವುದಕ್ಕೆ ಡಾಕ್ಟರು ಚೀಟಿ ಬರೆಯೋ ಹಾಗಿಲ್ಲ. ‘ಇವರಿಗೆ ಇಂಥ ಕಾಯಿಲೆ ಇದೆ’ ಅಂತ ಶಿಫಾರಸು ಮಾಡಬಹುದು, ಅದರ ಮೇಲೆ ರಾಜ್ಯ ಕಾರ್ಡ್ ಕೊಡುತ್ತದೆ. ಅಂದರೆ ನಿಮ್ಮ ಕೈಲಿರೋದು ಪ್ರಿಸ್ಕ್ರಿಪ್ಷನ್ ಅಲ್ಲ. ಈ ಒಂದು ವ್ಯತ್ಯಾಸದಲ್ಲೇ ಜನ ಕೆಲಸ ಕಳೆದುಕೊಂಡಿದ್ದಾರೆ. ಗಾಂಜಾವನ್ನು ಅಷ್ಟು ಬಿಗಿಯಿಲ್ಲದ ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವ 2024ರಲ್ಲಿ ಬಂತು. ಆವತ್ತಿಂದ ನನಗೆ ಮೆಸೇಜು ಜಾಸ್ತಿಯಾಯಿತು, ಅಷ್ಟೇ.

ಇನ್ನು ಓಹಾಯೊ. ಇಲ್ಲಿ ಮೆಡಿಕಲ್ ಗಾಂಜಾ ಕಾಯ್ದೆ ಬಂದಿದ್ದು 2016ರಲ್ಲಿ, ಅಂಗಡಿಗಳು ತೆರೆದದ್ದು 2019ರ ಜನವರಿಯಲ್ಲಿ. ಆ ಕಾಯ್ದೆಯನ್ನು ಪೂರ್ತಿ ಓದಿದವರು ಕಮ್ಮಿ. ರೋಗಿಗೆ ಕಾರ್ಡ್ ಕೊಡುವ ಅದೇ ಕಾಯ್ದೆ, ‘ಗಾಂಜಾ ಬಳಸುತ್ತಾರೆ ಅನ್ನೋ ಕಾರಣಕ್ಕೆ ಕೆಲಸ ಕೊಡದೇ ಇರಬಹುದು, ತೆಗೆಯಲೂಬಹುದು’ ಅಂತ ಮಾಲೀಕರಿಗೂ ಬರೆದುಕೊಟ್ಟಿದೆ. 2023ರ ನವೆಂಬರಿನಲ್ಲಿ ಜನ ಓಟು ಹಾಕಿ ಕಾರ್ಡೇ ಇಲ್ಲದೆ ಕೊಳ್ಳೋ ಹಾಗೆ ಮಾಡಿದರು. ಮಾಲೀಕರ ಹಕ್ಕು ಆಗಲೂ ಅಲ್ಲಾಡಲಿಲ್ಲ. ಕಾರ್ಡು ನಿಮ್ಮನ್ನು ಪೊಲೀಸರಿಂದ ಕಾಪಾಡುತ್ತದೆ. ಎಚ್‌ಆರ್‌ನಿಂದ ಅಲ್ಲ.

ಟೆಸ್ಟ್ ಹೇಗಿರುತ್ತೆ ಅಂತಲೂ ಕೇಳುತ್ತಾರೆ. ನನ್ನದನ್ನೇ ಹೇಳುತ್ತೇನೆ. ಹಿಂದಿನ ದಿನ ಪರಿಚಯದವರ ಮನೆ ಗೃಹಪ್ರವೇಶ. ಊಟಕ್ಕೆ ಗಸಗಸೆ ಪಾಯಸ. ಗಸಗಸೆ ಅಫೀಮಿನ ಗಿಡದ್ದೇ ಬೀಜ, ಮೇಲೆ ಚೂರು ಮಾರ್ಫಿನ್ ಅಂಟಿಕೊಂಡಿರುತ್ತದೆ. ಬ್ರೆಡ್ಡಿನ ಮೇಲೆ ಉದುರಿಸಿದ ಗಸಗಸೆಯಿಂದಲೇ ಜನ ಸಿಕ್ಕಿಬೀಳುತ್ತಾರೆ ಅಂತ 1998ರಲ್ಲಿ ಕೇಂದ್ರ ಸರ್ಕಾರದ ಟೆಸ್ಟುಗಳಲ್ಲಿ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು. ನಮ್ಮವರು ಉದುರಿಸೋದಿಲ್ಲ, ರುಬ್ಬಿ ಲೋಟದಲ್ಲಿ ಕೊಡುತ್ತಾರೆ. ನಾನು ಬೇಡ ಅಂದೆ. ಆ ಮನೆಯ ಅಜ್ಜಿ, ‘ಯಾಕೆ, ನನ್ನ ಪಾಯಸದಲ್ಲಿ ಅಫೀಮಿದೆಯಾ?’ ಅಂದರು. ‘ಸ್ವಲ್ಪ ಇದೆ’ ಅಂತ ನಾನು ಹೇಳಬಾರದಿತ್ತು. ಆಮೇಲೆ ಅವರ ಮನೆಗೆ ಊಟಕ್ಕೆ ಕರೆದಿಲ್ಲ.

ಮಾರನೇ ದಿನ ಲ್ಯಾಬು. ಜೇಬೆಲ್ಲ ಖಾಲಿ ಮಾಡಿಸಿದರು. ಕಮೋಡಿನ ನೀರಿಗೆ ನೀಲಿ ಬಣ್ಣ ಹಾಕಿದ್ದರು, ನಲ್ಲಿಗೆ ಟೇಪ್ ಸುತ್ತಿದ್ದರು, ಫ್ಲಶ್ ಮಾಡಬೇಡ ಅಂದರು. ಕಪ್ಪಿನ ಹೊರಗೆ ಒಂದು ಪಟ್ಟಿ. 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು, ಇಲ್ಲಾಂದ್ರೆ ಬೇರೆಯವರ ಮೂತ್ರ ತಂದಿದ್ದೀಯ ಅಂತ ಅರ್ಥ. ಜೀವನಪೂರ್ತಿ ಬೇರೆಯವರ ಕೈಗೆ ಕಪ್ ಕೊಟ್ಟು ‘ಬೇಗ ಬನ್ನಿ’ ಅಂದವನು ನಾನು. ನನಗೇ ಬರಲಿಲ್ಲ. ಸುಮ್ನೆ ನಿಂತಿದ್ದೆ. ಆಚೆ ಬಂದೆ. ನೀರು ಕೊಟ್ಟು ಕೂರಿಸಿದರು. ಗೋಡೆ ಗಡಿಯಾರ ನೋಡುತ್ತಾ ಎರಡೂವರೆ ಗಂಟೆ ಕೂತೆ. ಕೊನೆಗೆ ಬಂತು, ಸೀಲಿನ ಮೇಲೆ ಇನಿಷಿಯಲ್ ಹಾಕಿದೆ, ನೆಗೆಟಿವ್. ಇದನ್ನು ಇಷ್ಟು ಉದ್ದ ಬರೆದಿದ್ದು ಯಾಕೆಂದರೆ ‘ಪಾಸ್ ಆಗೋಕೆ ಏನ್ ಕುಡೀಬೇಕು ಅಣ್ಣಾ?’ ಅಂತ ಕೇಳೋರಿಗೋಸ್ಕರ. ನೀರು ಕುಡೀಬೇಕು. ಮೂತ್ರ ಬರುತ್ತದೆ. ಅದಕ್ಕಿಂತ ಜಾಸ್ತಿ ಏನೂ ಆಗಲ್ಲ.

ಈ ಸಿಡುಕು ನನಗೆ ಮೊದಲಿಂದ ಇರಲಿಲ್ಲ. ಮೊದಲು ನಾನೂ ‘ಏನೂ ಆಗಲ್ಲ’ ಗಿರಾಕಿನೇ.

2021ರ ಬೇಸಿಗೆ. ನಮ್ಮ ಪರಿಚಯದವರ ಮಗಳು, ಇಲ್ಲೇ ಓದಿ ಆಗಷ್ಟೇ ಲೈಸೆನ್ಸ್ ಪಡೆದಿದ್ದಳು. ಹದಿನೇಳನೇ ವಯಸ್ಸಿನಿಂದ ಅವಳಿಗೆ ಕ್ರೋನ್ಸ್ ಕಾಯಿಲೆ. ಕರುಳಿನಲ್ಲಿ ಹುಣ್ಣಾಗಿ, ಕೆಲವು ದಿನ ಟಾಯ್ಲೆಟ್ಟೇ ಮನೆ. ಓಹಾಯೊದ ಕಾರ್ಡ್ ಪಟ್ಟಿಯಲ್ಲಿ ಆ ಕಾಯಿಲೆ ಇದೆ. ವಾರಕ್ಕೆ ಮೂರು ರಾತ್ರಿ ಅರ್ಧ ಗಮ್ಮಿ, ಅಂದರೆ ಗಾಂಜಾ ಬೆರೆಸಿದ ಜೆಲ್ಲಿ ಮಿಠಾಯಿ, ತಿಂದು ಮಲಗುತ್ತಿದ್ದಳು. ಬೇರೊಂದು ಆಸ್ಪತ್ರೆಯಿಂದ ಆಫರ್ ಬಂತು. ನನಗೆ ಫೋನ್ ಮಾಡಿದಳು. ಅವಳು ‘ಫ್ರೆಂಡ್’ ಅನ್ನಲಿಲ್ಲ, ‘ನನಗೆ’ ಅಂದಳು. ಹಾಗೆ ಕೇಳಿದವಳು ಅವಳೊಬ್ಬಳೇ. ನನಗೆ ಊಟದ ಬಿಡುವು, ಬಾಯಲ್ಲಿ ಮೊಸರನ್ನ. ‘ಕಾರ್ಡ್ ಇದೆಯಲ್ಲ, ತೋರಿಸು, ಏನೂ ಆಗಲ್ಲ’ ಅಂದೆ. ನುಂಗಿ ಹೇಳಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ.

ಪಾಸಿಟಿವ್ ಬಂದಾಗ ಮೆಡಿಕಲ್ ರಿವ್ಯೂ ಆಫೀಸರ್ ಅಂತ ಒಬ್ಬ ಡಾಕ್ಟರ್ ಫೋನ್ ಮಾಡುತ್ತಾರೆ. ‘ಏನಾದರೂ ಔಷಧಿ ತಗೋತಿದ್ದೀರಾ?’ ಅಂತ ಕೇಳುತ್ತಾರೆ. ಆಕ್ಸಿಕೋಡೋನ್ ಅನ್ನೋ ಅಫೀಮು ಜಾತಿಯ ನೋವಿನ ಮಾತ್ರೆಗೆ ಪ್ರಿಸ್ಕ್ರಿಪ್ಷನ್ ಇದ್ದರೆ, ಸರಿಯಿದೆ ಅಂತ ಖಚಿತ ಮಾಡಿಕೊಂಡು ‘ನೆಗೆಟಿವ್’ ಅಂತಲೇ ಕಳಿಸುತ್ತಾರೆ. ಎಷ್ಟೋ ಮನೆ ಹಾಳು ಮಾಡಿದ ಮಾತ್ರೆ ಅದು. ಇವಳು ಕಾರ್ಡ್ ನಂಬರ್ ಓದಿ ಹೇಳಿದಳು. ಆ ಡಾಕ್ಟರು ಮರ್ಯಾದೆಯಿಂದಲೇ ಬರೆದುಕೊಂಡರಂತೆ. ಫಲಿತಾಂಶ ಮಾತ್ರ ಪಾಸಿಟಿವ್. ಎರಡು ದಿನಕ್ಕೆ ಮೂರು ಸಾಲಿನ ಇಮೇಲ್ ಬಂತು, ಆಫರ್ ವಾಪಸ್. ಕೊನೇ ಸಾಲಲ್ಲಿ ಶುಭ ಹಾರೈಸಿದ್ದರು.

ಅವಳು ಗಮ್ಮಿ ನಿಲ್ಲಿಸಿ ಆಗಲೇ ಹತ್ತು ದಿನವಾಗಿತ್ತು. ಟೆಸ್ಟ್ ಹುಡುಕೋದು ಅಮಲನ್ನಲ್ಲ. ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಮೈಯಲ್ಲಿ ಒಡೆದಾಗ ಉಳಿಯುವ ಪದಾರ್ಥವನ್ನು. ಸಾಮಾನ್ಯವಾಗಿ ಅದರ ಮಿತಿ ಮೊದಲ ಸುತ್ತಿನಲ್ಲಿ ಮಿಲಿಲೀಟರಿಗೆ 50 ನ್ಯಾನೋಗ್ರಾಂ, ಖಚಿತ ಮಾಡುವ ಸುತ್ತಿನಲ್ಲಿ 15. ಟಿಎಚ್‌ಸಿ ಕೊಬ್ಬಿನಲ್ಲಿ ಕೂತು ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ದಿನಾ ತಗೊಳ್ಳೋರಿಗೆ ತಿಂಗಳು ದಾಟಿದರೂ ಸಿಗಬಹುದು. ಶನಿವಾರ ರಾತ್ರಿ ಅರ್ಧ ಬಾಟಲಿ ವಿಸ್ಕಿ ಕುಡಿದವನು ಸೋಮವಾರ ಇದೇ ಕಪ್ಪಿಗೆ ಉಚ್ಚೆ ಹೊಯ್ದು ಹಲ್ಲು ಕಿರಿದು ಬರುತ್ತಾನೆ.

ಮ್ಯಾಸಚೂಸೆಟ್ಸ್‌ನಲ್ಲಿ ಕ್ರಿಸ್ಟೀನಾ ಬಾರ್ಬುಟೊ ಅನ್ನುವವರಿಗೂ ಕ್ರೋನ್ಸೇ. ವಾರದಲ್ಲಿ ಎರಡು ಮೂರು ರಾತ್ರಿ ಮನೆಯಲ್ಲಿ ಅಷ್ಟೇ ಅಷ್ಟು. ಅವರನ್ನೂ ಟೆಸ್ಟಿನ ಮೇಲೆ ಕೆಲಸದಿಂದ ತೆಗೆದರು. ಆದರೆ 2017ರಲ್ಲಿ ಆ ರಾಜ್ಯದ ಅತ್ಯುನ್ನತ ಕೋರ್ಟು, ಅಂಗವೈಕಲ್ಯದ ಕಾನೂನಿನಡಿ ಅವರು ಮಾಲೀಕರ ಮೇಲೆ ಕೇಸು ನಡೆಸಬಹುದು ಅಂದಿತು. ಅದೇ ಕಾಯಿಲೆ, ಅಂಥದೇ ಕಾರ್ಡು, ರಾಜ್ಯ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿಯಿಂದ, ಹಳೇ ಬಳಕೆಯ ಈ ಉಳಿಕೆ ಸಿಕ್ಕಿತು ಅಂತ ಬಹುತೇಕ ಕೆಲಸಗಳಿಗೆ ಬೇಡ ಅನ್ನೋ ಹಾಗಿಲ್ಲ. ಮಿನೆಸೋಟಾ 2023ರಲ್ಲಿ ಹೆಚ್ಚಿನ ಕೆಲಸಗಳಿಗೆ ಗಾಂಜಾ ಟೆಸ್ಟ್ ಬೇಡ ಅಂದಿತು, ಅದೇ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿ ರೋಗಿಗಳನ್ನು ಎದುರಾಎದುರು ನೋಡಿಕೊಳ್ಳುವವರನ್ನು ಸೇರಿಸಿತು. ಊರಿಗೆಲ್ಲ ಬಾಗಿಲು ತೆಗೆದು ನರ್ಸ್ ಮುಖದ ಮೇಲೆ ಮುಚ್ಚಿದ ಹಾಗೆ. ಅದಕ್ಕೇ ಇನ್ನೊಂದು ರಾಜ್ಯದ ಫ್ರೆಂಡ್ ಕತೆ ನನಗೆ ಹೇಳಬೇಡಿ.

ಊರಿಂದ ಬಂದವರಿಗೆ ಒಂದೇ ಮಾತು, ಇದರಲ್ಲಿ ತಮಾಷೆ ಇಲ್ಲ. ನೀವಿನ್ನೂ ಇಲ್ಲಿನ ಪ್ರಜೆ ಆಗಿಲ್ಲ ಅಂದರೆ ಆಸ್ಪತ್ರೆ ಟೆಸ್ಟ್ ನಿಮ್ಮ ಸಣ್ಣ ಚಿಂತೆ. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಬಳಕೆ ಪೌರತ್ವಕ್ಕೆ ಅಡ್ಡಿಯಾಗಬಹುದು ಅಂತ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲೇ ಬರೆದು ಹೇಳಿದೆ. ಗಮ್ಮಿ ಮುಟ್ಟುವ ಮುಂಚೆ, ಕಾರ್ಡ್‌ಗೆ ಅರ್ಜಿ ಹಾಕುವ ಮುಂಚೆ, ವಲಸೆ ವಕೀಲರನ್ನು ನೋಡಿ. ಬ್ರದರ್‌ನ ಅಲ್ಲ.

ಇಷ್ಟೆಲ್ಲ ಕೇಳುತ್ತಾರಲ್ಲ, ನಾನು ಕಾಯುತ್ತಿರುವ ಪ್ರಶ್ನೆ ಒಂದಿದೆ, ಅದನ್ನು ಒಬ್ಬರೂ ಕೇಳಿಲ್ಲ: ಕೆಲಸಕ್ಕೆ ಸೇರಿದ ಮೇಲೆ ಯಾರು ನೋಡುತ್ತಾರೆ?

ಹನ್ನೊಂದು ವರ್ಷದಲ್ಲಿ ನನ್ನ ಮೂತ್ರ ನೋಡಿದ್ದು ಆ ಒಂದೇ ಸಲ. ಅವತ್ತು ನನ್ನ ಕೈಯಲ್ಲಿ ಯಾವ ಔಷಧಿಯ ಬೀಗವೂ ಇರಲಿಲ್ಲ. ಈಗ ಬೆರಳಿಟ್ಟರೆ ಕಪಾಟು ತೆರೆಯುತ್ತದೆ, ಒಳಗೆ ಫೆಂಟಾನಿಲ್ ಇದೆ, ಚಟ ಹಿಡಿಸೋ ಭಾರಿ ನೋವಿನ ಔಷಧಿ. ಅದೇ ಜಾತಿಯ ಹೈಡ್ರೋಮಾರ್ಫೋನ್ ಎರಡು ಮಿಲಿಗ್ರಾಂ ಶೀಶೆ, ರೋಗಿಗೆ ಬರೆದಿರೋದು ಅರ್ಧ ಮಿಲಿಗ್ರಾಂ. ಉಳಿದ ಒಂದೂವರೆ ಚೆಲ್ಲಬೇಕು, ಚೆಲ್ಲಿದ್ದನ್ನು ಇನ್ನೊಬ್ಬ ನರ್ಸ್ ನೋಡಿ ಬೆರಳೊತ್ತಬೇಕು. ರಾತ್ರಿ ಮೂರಕ್ಕೆ, ಎರಡು ರೂಮಿನಲ್ಲಿ ಬೆಲ್ ಹೊಡೆಯುತ್ತಿರುವಾಗ, ‘ಸ್ವಲ್ಪ ಸೈನ್ ಮಾಡ್ತೀಯಾ’ ಅಂದವರ ಸಿರಿಂಜಿನಲ್ಲಿ ಇದ್ದದ್ದು ಔಷಧಿಯೋ ನೀರೋ ಅಂತ ನಾನು ಪ್ರತಿ ಸಲ ನೋಡಿದ್ದೇನಾ? ಇಲ್ಲ. ಡೇವಿಡ್ ಕ್ವಿಯಾಟ್ಕೋವ್ಸ್ಕಿ ಅಂತ ಒಬ್ಬ ಟೆಕ್ನಿಷಿಯನ್ ಇದ್ದ. ಫೆಂಟಾನಿಲ್ ಸಿರಿಂಜ್ ಕದ್ದು ಚುಚ್ಚಿಕೊಂಡು, ಅದೇ ಸಿರಿಂಜಿಗೆ ಸಲೈನ್ ತುಂಬಿಸಿ ಇಡುತ್ತಿದ್ದ. ಅವನಿಗೆ ಹೆಪಟೈಟಿಸ್ ಸಿ ಇತ್ತು. ಹತ್ತಾರು ರೋಗಿಗಳಿಗೆ ಅಂಟಿತು. ಒಂದು ಕಡೆ ತೆಗೆದರೆ ಇನ್ನೊಂದು ರಾಜ್ಯದಲ್ಲಿ ಕೆಲಸ ಸಿಗುತ್ತಿತ್ತು. ನ್ಯೂ ಹ್ಯಾಂಪ್‌ಶೈರಿನಲ್ಲಿ ಸಿಕ್ಕಿಬಿದ್ದ. 2013ರಲ್ಲಿ 39 ವರ್ಷ ಜೈಲಾಯಿತು.

ಬಾಗಿಲಲ್ಲಿ ಒಂದು ಕಪ್ ಇಟ್ಟು ಒಳಗಿನ ಕಪಾಟನ್ನು ನಮ್ಮ ನಂಬಿಕೆಗೆ ಬಿಟ್ಟಿದ್ದಾರೆ. ಹೋಗಲಿ. ನೀವು ಕೇಳಿದ್ದು ಕಾರ್ಡ್ ಬಗ್ಗೆ.

ಆಫರ್ ಲೆಟರಿಗೆ ಸಹಿ ಹಾಕುವ ಮೊದಲು ಆ ಆಸ್ಪತ್ರೆಯ ಡ್ರಗ್ ಪಾಲಿಸಿ ಕೇಳಿ ತಗೊಂಡು ಓದಿ. ನಿಮ್ಮ ರಾಜ್ಯದ ಕಾಯ್ದೆಯಲ್ಲಿ ಮಾಲೀಕರ ಬಗ್ಗೆ ಇರುವ ಪುಟ ಓದಿ. ನಿಮ್ಮ ಡಾಕ್ಟರ ಹತ್ತಿರ ಬೇರೆ ದಾರಿ ಇದೆಯಾ ಕೇಳಿ. ಆ ಕ್ರೋನ್ಸ್ ಹುಡುಗಿಯೂ ಕೇಳಿದಳು. ಗಮ್ಮಿ ಪೂರ್ತಿ ಬಿಟ್ಟಳು, ಹೊಟ್ಟೆ ಕೆರಳಿತು, ಡಾಕ್ಟರು ಪ್ರೆಡ್ನಿಸೋನ್ ಬರೆದರು. ಸ್ಟೀರಾಯ್ಡು, ಮುಖ ಊದಿಸುತ್ತದೆ, ಆದರೆ ಇಂಥ ಡ್ರಗ್ ಟೆಸ್ಟಿಗೆ ಅಡ್ಡಿ ಇಲ್ಲ. ಐದು ತಿಂಗಳ ಮೇಲೆ ಮತ್ತೊಂದು ಕಡೆ ಕಪ್ ಕೊಟ್ಟರು, ನೆಗೆಟಿವ್, ಕೆಲಸ ಸಿಕ್ಕಿತು. ಬ್ಯಾಡ್ಜಿನ ಫೋಟೋ ತೆಗೆದದ್ದು ಆ ವಾರವೇ. ಕೆನ್ನೆ ಎರಡೂ ಊದಿ ಕಣ್ಣು ಸಣ್ಣಗಾಗಿದ್ದವು. ಹಬ್ಬದ ದಿನ ಡ್ಯೂಟಿಯಿಂದ ನೇರವಾಗಿ ನಮ್ಮನೆಗೆ ಬಂದಿದ್ದಳು. ನಾನು ನೋಡುತ್ತಿರುವುದು ಗೊತ್ತಾಗಿ ಬ್ಯಾಡ್ಜನ್ನು ತಿರುಗಿಸಿಟ್ಟುಕೊಂಡಳು.